ಗಂಜಿ ಕಲಸಿದ ಕೆಂಪು ಬಣ್ಣ

ನವೆಂಬರ್ ೧೪, ಗುರುವಾರ

ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕೊತ್ತಂಬರಿ ಬುಟ್ಟಿಯೊಳಗೆ ಕುರಿಯ ಮೂತಿ! ಅರ್ಧ ಸೊಪ್ಪು ಆಗಲೇ ಅದರ ಹೊಟ್ಟೆ ಸೇರಿತ್ತು. ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋದೆ. ಅದು ಓಡಿಹೋಗಿ ಹಿಂಡಿನೊಳಗೆ ನುಗ್ಗಿತು. ಮತ್ತೆ ಯಾವುದನ್ನು ಅಂತ ಬೈಯುವುದು? ಎಲ್ಲ ಒಂದೇ ತಟ್ಟೆಯಿಂದ ತೆಗೆದ ಇಡ್ಲಿಗಳ ಹಾಗೆ. ಎಲ್ಲದಕ್ಕೂ ಸೇರಿಸಿ ಬೈದು ಬಂದೆ.

ಗುಜರಾತಿನ ಈ ಸಚಿನ್ ಎಂಬ ಊರಿಗೆ ಬಂದು ಹೋಟೆಲು ಹಾಕಿ ಇಪ್ಪತ್ತೆರಡು ವರ್ಷವಾಯಿತು. ಬಣ್ಣದ ಮಿಲ್ಲಿನ ಹೊಗೆ, ಕೆಮಿಕಲ್ ನಾತ, ಟ್ರಕ್ಕಿನ ಹಾರ್ನು, ಎಲ್ಲ ರೂಢಿಯಾಯಿತು. ಈ ಕುರಿ ವಾಸನೆ ಮಾತ್ರ ಆಗಲಿಲ್ಲ. ಹಿಂದಿನ ಖಾಲಿ ಸೈಟಿನ ಯಜಮಾನರು ಕೋರ್ಟಿನಲ್ಲಿ ಕಚ್ಚಾಡುತ್ತಿದ್ದಾರಂತೆ. ಅಷ್ಟರಲ್ಲಿ ಕುರಿ ಸಾಕುವ ಭರವಾಡರು ಬಂದು ಮುಳ್ಳಿನ ಬೇಲಿ ಕಟ್ಟಿ ಕೂತುಬಿಟ್ಟರು. ಅಣ್ಣತಮ್ಮಂದಿರ ಹಿಂಡು ಅದು. ತಮ್ಮ ಹೋದ ವರ್ಷ ಹೈವೇಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಈಗ ಅಣ್ಣ ಮೇರಾಭಾಯಿಯೂ ತಮ್ಮನ ಹೆಂಡತಿ ಚಂಪಾಳೂ ನೋಡಿಕೊಳ್ಳುತ್ತಾರೆ. ಇಂಡಸ್ಟ್ರಿಯಲ್ ಎಸ್ಟೇಟ್ ಆಫೀಸಿಗೆ ಕೊಡಲಿಕ್ಕೆ ಎರಡು ಸಲ ದೂರು ಬರೆದೆ. ಎರಡು ಸಲವೂ ಇವರು ಅದನ್ನು ಹರಿದು ವಡೆಯ ಎಣ್ಣೆ ಒರೆಸಿದರು. “ಇರ್ಲಿ ಬಿಡು ಮಾರಾಯ್ತಿ, ಪಾಪದವ್ರು” ಅಂತೆ. ಪದ್ಮನಾಭ ಭಟ್ಟರಿಗೆ ಊರಿಡೀ ಪಾಪದವರೇ, ಹೆಂಡತಿ ಒಬ್ಬಳು ಬಿಟ್ಟು.

ನವೆಂಬರ್ ೧೮, ಸೋಮವಾರ

ಮಧ್ಯಾಹ್ನ ಊಟದ ಗಿರಾಕಿ ಇಳಿದ ಮೇಲೆ ಹಿಂದೆ ಹೋದರೆ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಚಂಪಾ ಕೂತು ಅಳುತ್ತಿದ್ದಳು. ನನ್ನ ಕಟ್ಟೆಯಲ್ಲಿ ಕೂತು ಅತ್ತರೆ ನಾನು ಕೇಳದೆ ಇರಲಿಕ್ಕಾಗುತ್ತದಾ? ಅವಳ ಗುಜರಾತಿ, ನನ್ನ ಹರಕು ಹಿಂದಿ, ಅಂತೂ ವಿಷಯ ತಿಳಿಯಿತು.

ಭಾವ ಹಿಂಡು ಪಾಲು ಮಾಡಬೇಕು ಅಂತಾನಂತೆ. ದೊಡ್ಡ ಕುರಿಗಳ ತಕರಾರಿಲ್ಲ. ಅಣ್ಣನವಕ್ಕೆ ಎಡಗಿವಿಯ ಅಂಚಿನಲ್ಲಿ ಕಚ್ಚು ಹಾಕಿದೆ, ತಮ್ಮನವಕ್ಕೆ ಬಲಗಿವಿಯಲ್ಲಿ. ತಕರಾರೆಲ್ಲ ಈ ದೀಪಾವಳಿಯ ಆಸುಪಾಸಿನಲ್ಲಿ ಹುಟ್ಟಿದ ಮರಿಗಳದ್ದು. ಹಿಂಡು ಒಡೆಯುವ ವರ್ಷ ಹಿರಿಯರು ಬಂದು ನಿಲ್ಲುವ ತನಕ ಮರಿಯ ಕಿವಿಗೆ ಚಾಕು ತಾಗಿಸಬಾರದು ಅಂತ ಅವರ ಮನೆತನದ ಕಟ್ಟಳೆಯಂತೆ. ಹಿರಿಯರು ಬರುವುದು ಡಿಸೆಂಬರ್ ಹದಿನೈದಕ್ಕೆ. ಆ ದಿನ ಎರಡೂ ಕಡೆಯ ತಾಯಿ ಕುರಿಗಳನ್ನು ಬೇರೆ ಬೇರೆ ನಿಲ್ಲಿಸಿ ಮಧ್ಯದಲ್ಲಿ ಮರಿಗಳನ್ನು ಬಿಡುತ್ತಾರೆ. ಮರಿ ಎತ್ತ ಹೋಗುತ್ತದೋ ಅತ್ತ ಕಡೆಯವರದ್ದು. ಆಮೇಲೆ ಕಿವಿಗೆ ಕಚ್ಚು.

“ಮರಿ ತಾಯಿ ಹತ್ರವೇ ಹೋಗ್ತದಲ್ಲ, ನಿಂಗೆಂತ ಚಿಂತೆ?” ಅಂದೆ.

“ಎಳೇ ಮರಿ ಹೋಗುತ್ತೆ ಬೇನ್. ಹದಿನೈದನೇ ತಾರೀಕಿಗೆ ದೊಡ್ಡವು ಮೇವಿಗೆ ಬಿದ್ದಿರುತ್ತವೆ. ಸೊಪ್ಪು ತೋರಿಸಿದವರ ಹಿಂದೆ ಓಡುತ್ತವೆ. ಭಾವ ಈಗಿಂದಲೇ ನನ್ನ ಮರಿಗಳಿಗೆ ಸೊಪ್ಪು ತಿನ್ನಿಸಿ ರೂಢಿ ಮಾಡಿಸ್ತಿದ್ದಾನೆ. ಯಾವ ಮರಿ ಯಾವ ತಾಯಿದು ಅಂತ ನನಗೆ ಗೊತ್ತು. ನಾನು ಹೇಳಿದರೆ ಯಾರು ಕೇಳುತ್ತಾರೆ? ಮರಿಗಳೇ ಹೋದರೆ ನಾನು ಯಾವುದನ್ನು ನಂಬಿ ಬದುಕಲಿ?”

ನನಗೆ ಥಟ್ಟನೆ ಹೊಳೆಯಿತು. ಚಾಕು ಬೇಡ ಅಂದಿದ್ದಾರೆ, ಬಣ್ಣ ಬೇಡ ಅಂದಿಲ್ಲವಲ್ಲ! ಈಗಲೇ ನಾಲ್ಕು ಜನರ ಎದುರಿಗೆ ಅವಳ ಮರಿಗಳ ಬೆನ್ನಿಗೆ ಕೆಂಪು ಬಳಿದುಬಿಟ್ಟರೆ ಆಯಿತು. ಹಿರಿಯರು ಬಂದಾಗ ಮರಿ ಕುಣಿದುಕೊಂಡು ಎಲ್ಲಿಗೆ ಬೇಕಾದರೂ ಹೋಗಲಿ. ಬಣ್ಣಕ್ಕೆ ಈ ಸಚಿನ್‌ನಲ್ಲಿ ಬರಗಾಲವಾ? ನಮ್ಮ ಸಂದೀಪ ದಿನಾ ಎರಡು ಹೊತ್ತು ಇಲ್ಲೇ ಉಣ್ಣುತ್ತಾನೆ, ಸೀರೆ ಮಿಲ್ಲಿನಲ್ಲಿ ಡೈಯಿಂಗ್ ಸೂಪರ್‌ವೈಸರ್. ಕಾರ್ಕಳದ ಹುಡುಗ, ಅಕ್ಕ ಅಕ್ಕ ಅಂತಾನೆ. ರಾತ್ರಿ ಊಟಕ್ಕೆ ಬಂದಾಗ ಕೇಳಿದೆ, ಹೂಂ ಅಂದ.

ಬರೆದು ಇಡುತ್ತೇನೆ: ಇದು ಚಂಪಾಳ ಮೇಲಿನ ಪ್ರೀತಿಗಲ್ಲ. ಪಾಲಾದರೆ ಅರ್ಧ ಕುರಿಗಳಾದರೂ ಇಲ್ಲಿಂದ ತೊಲಗುತ್ತವಲ್ಲ, ಅದಕ್ಕೆ.

ನವೆಂಬರ್ ೨೦, ಬುಧವಾರ

ಬೆರಳೆಲ್ಲ ಕೆಂಪು. ಸಂಜೆ ಚಟ್ನಿ ಬಡಿಸಲಿಕ್ಕೆ ಹೋದರೆ ಗಿರಾಕಿಗಳು ಹೆದರಿಕೊಂಡರು.

ಸಂದೀಪ ಒಂದು ಪೊಟ್ಟಣ ಕೆಂಪು ಪುಡಿ, ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಳಿ ಉಪ್ಪು ತಂದಿದ್ದ. “ಉಪ್ಪು ಹಾಕದಿದ್ರೆ ಬಣ್ಣ ಹಿಡಿಯೋದಿಲ್ಲ ಅಕ್ಕ. ಅಡುಗೆ ಉಪ್ಪು ನಿಮ್ಮ ಹೋಟೆಲಿಗೇ ಇರ್ಲಿ, ಇದು ಮಿಲ್ಲಿಂದು” ಅಂದ. ಅವನ ಲೆಕ್ಕ ಎರಡು ಚಮಚೆ. ಎರಡು ಚಮಚೆ ಎಲ್ಲಿಗೆ ಸಾಕು? ನಾನು ಕೈಯಳತೆಯವಳು, ಹಿಡಿ ತುಂಬ ತೆಗೆದು ಸುರಿದೆ. ನೀರಿನಲ್ಲಿ ಕಲಸಿದ್ದು ಉಣ್ಣೆಯ ಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತು. ಅದಕ್ಕೆ ಮದ್ದು ನನಗೆ ಗೊತ್ತಿಲ್ಲವಾ? ಕುಚ್ಚಲಕ್ಕಿಯ ಗಂಜಿ ಒಲೆಯ ಮೇಲೇ ಇತ್ತು. ದಪ್ಪಗೆ ಕಾಯಿಸಿ, ಬಣ್ಣವನ್ನೂ ಉಪ್ಪನ್ನೂ ಅದಕ್ಕೇ ಹಾಕಿ ತಿರುವಿದೆ. ತೆಂಗಿನ ನಾರಿನಲ್ಲಿ ಬಳಿದರೆ ಆಹಾ, ಗೋಡೆಗೆ ಸುಣ್ಣ ಹೊಡೆದ ಹಾಗೆ ಕೂತಿತು!

ಚಂಪಾ ಮರಿ ಹಿಡಿದಳು, ನಾನು ಬಳಿದೆ. ಮಿಲ್ಲಿನ ನಾಲ್ಕು ಜನ ಬೇಲಿಯ ಆಚೆ ನಿಂತು ನೋಡಿದರು. ಸಾಕ್ಷಿಗೂ ಆಯಿತು, ಮನರಂಜನೆಗೂ ಆಯಿತು. ಬಿಟ್ಟ ಕೂಡಲೇ ಮರಿಗಳು ತಾಯಿಯ ಹತ್ತಿರ ಓಡಿದವು, ತಾಯಿಗಳು ನೆಕ್ಕಲಿಕ್ಕೆ ಹಿಡಿದವು. ನೆಕ್ಕಿದ್ದೂ ನೆಕ್ಕಿದ್ದೇ. “ನೋಡು, ನನ್ನ ಗಂಜಿಯ ರುಚಿ ನಿನ್ನ ಕುರಿಗಳಿಗೂ ಗೊತ್ತಾಯ್ತು” ಅಂದೆ. ಚಂಪಾ ನಕ್ಕಳು. ಅವಳ ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮೇರಾಭಾಯಿ ಸಂಜೆ ಬಂದವನು ಕೆಂಪು ಮರಿಗಳನ್ನು ಕಂಡು ಉರಿದುಬಿದ್ದ. “ನನ್ನ ಮರಿಗಳಿಗೂ ಬಳಿದಿದ್ದೀರಿ! ಇದನ್ನು ನಾನು ಹೀಗೇ ಬಿಡುವುದಿಲ್ಲ” ಅಂತ ಬೇಲಿಗೆ ಕೋಲು ಬಡಿದು ಹೋದ. ಹೋಗಲಿ.

ನವೆಂಬರ್ ೨೧, ಗುರುವಾರ

ದೇವರೇ.

ಬೆಳಿಗ್ಗೆ ಚಂಪಾಳ ಕಿರುಚಾಟಕ್ಕೆ ಓಡಿದೆ. ಕುರಿಗಳು ಅಲ್ಲಲ್ಲಿ ಬಿದ್ದಿದ್ದವು. ಕೆಲವು ಕಾಲು ಚಾಚಿ ಸೆಟೆದಿದ್ದವು. ಕೆಲವು ಕುಡಿದವರ ಹಾಗೆ ತೂರಾಡಿ ಬೀಳುತ್ತಿದ್ದವು, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಒಂದು ಮರಿ ಸತ್ತ ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಲು ನೋಡುತ್ತಿತ್ತು.

ಹೆಚ್ಚುಕಡಿಮೆ ಎಲ್ಲವೂ ಬಲಗಿವಿಯ ಕಚ್ಚಿನವು, ಚಂಪಾಳವು. “ಭಾವನೇ ವಿಷ ಹಾಕಿದ್ದು” ಅಂತ ಅವಳು ಎದೆ ಬಡಿದುಕೊಂಡಳು. ನನಗೂ ಸಂಶಯ ಇರಲಿಲ್ಲ. ನಿನ್ನೆ ತಾನೇ ಕೋಲು ಬಡಿದು ಹೇಳಿ ಹೋಗಿದ್ದನಲ್ಲ! ತಿಂಡಿಯ ಹೊತ್ತು, ಹೋಟೆಲು ತುಂಬ ಜನ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಆ ಪಾಪಿ ಒಡಹುಟ್ಟಿದವನ ಹೆಂಡತಿಯ ಹೊಟ್ಟೆಗೆ ಮಣ್ಣು ಹಾಕಿದ ಅಂತ. ನಾಲ್ಕು ಜನ ಎದ್ದು ಹೋಗಿ ಅವನ ಕಾಲರು ಹಿಡಿದರು. ಇವರು ಅಡ್ಡ ಹೋಗದಿದ್ದರೆ ಹೊಡೆದೇ ಬಿಡುತ್ತಿದ್ದರು.

ಅದೇ ದಿನ, ಸಂಜೆ

ಇದನ್ನು ಬರೆಯದಿದ್ದರೆ ನನಗೆ ತಲೆ ಕೆಡುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಸರಕಾರಿ ಪಶುವೈದ್ಯೆ ಬಂದರು, ಡಾಕ್ಟರ್ ರಜನಿ, ನಮ್ಮ ಮಗಳು ಸ್ವಾತಿಗಿಂತ ನಾಲ್ಕೈದು ವರ್ಷ ದೊಡ್ಡವಳು ಅಷ್ಟೆ. ಬಿದ್ದಿದ್ದ ಒಂದು ಕುರಿಯ ಕಿವಿಗೆ ಸೂಜಿ ಚುಚ್ಚಿದರು. ಬಂದ ರಕ್ತ ಕೆಂಪಗಿರಲಿಲ್ಲ. ನಾನು ದಿನಾ ಬೆಳಿಗ್ಗೆ ಇಳಿಸುವ ಕಾಫಿ ಡಿಕಾಕ್ಷನ್ನಿನ ಬಣ್ಣ! ಅಲ್ಲಿದ್ದವರೆಲ್ಲ ಹಿಂದೆ ಸರಿದರು. ನಾನು ಚಂಪಾಳ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

“ಏನು ತಿಂದವು? ಗೊಬ್ಬರದ ಚೀಲ? ಮಿಲ್ಲಿನ ನೀರು?”

“ಅವನನ್ನೇ ಕೇಳಿ” ಅಂತ ಮೇರಾಭಾಯಿಯ ಕಡೆ ಬೆರಳು ತೋರಿಸಿದೆ.

ಡಾಕ್ಟರು ಕುರಿಯ ತುಟಿ ಬಿಡಿಸಿ ನೋಡಿದರು. ನಾಲಗೆ ಕೆಂಪಗಿತ್ತು. ಪಕ್ಕದ ಮರಿಯ ಬೆನ್ನು ಮುಟ್ಟಿ, ಬೆರಳಿಗೆ ಅಂಟಿದ್ದನ್ನು ಉಜ್ಜಿ ನೋಡಿದರು.

“ಇದೇನು?”

“ಅದು ಗುರುತಿನ ಬಣ್ಣ. ನಾನೇ ಮಾಡಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಡಾಕ್ಟ್ರೇ. ಗಂಜಿ, ಬಣ್ಣ, ಉಪ್ಪು, ಅಷ್ಟೇ.”

“ಯಾವ ಉಪ್ಪು?”

ಸಂದೀಪನಿಗೆ ಫೋನು ಹಚ್ಚಿದೆ. ಅವನು ಸ್ಟೋರಿಗೆ ಹೋಗಿ ನೋಡಿ ಹೇಳುತ್ತೇನೆ ಅಂದ. ನಾವೆಲ್ಲ ಕಾಯುತ್ತ ನಿಂತೆವು, ಫೋನು ಸ್ಪೀಕರಿನಲ್ಲಿತ್ತು.

“ಅಕ್ಕ… ಎರಡು ಚೀಲ ಒಟ್ಟೊಟ್ಟಿಗೆ ಇದ್ದಾವೆ. ನಾನು ತೆಗೆದದ್ದು ಉಪ್ಪಿಂದಲ್ಲ ಅಕ್ಕ. ನೈಟ್ರೈಟ್. ಅದೂ ಬಿಳಿಯೇ, ಉಪ್ಪಿನ ಹಾಗೇ ಕಾಣ್ತದೆ…”

ಡಾಕ್ಟರಿಗೆ ಕನ್ನಡ ಬರದಿದ್ದರೂ ಆ ಒಂದು ಶಬ್ದ ತಿಳಿಯಿತು. ಹೊಟ್ಟೆಗೆ ಹೋದರೆ ರಕ್ತ ಉಸಿರು ಹೊರುವುದನ್ನೇ ನಿಲ್ಲಿಸುತ್ತದಂತೆ. ರುಚಿಯೂ ಉಪ್ಪುಪ್ಪು. ಕುರಿಗೆ ಉಪ್ಪೆಂದರೆ ಪ್ರಾಣ, ಗಂಜಿಯೆಂದರೆ ಹಬ್ಬ. ಎರಡನ್ನೂ ಸೇರಿಸಿ ಬಡಿಸಿದವಳು ನಾನು. ಮಕ್ಕಳನ್ನು ನೆಕ್ಕಿ ಚೊಕ್ಕ ಮಾಡಲು ಹೋದ ತಾಯಿಗಳು ಸತ್ತವು.

ಚಂಪಾ ನನ್ನ ಕೈಯಿಂದ ತನ್ನ ತೋಳು ಬಿಡಿಸಿಕೊಂಡಳು.

ಡಾಕ್ಟರು ನೀಲಿ ಔಷಧ ತೆಗೆದು ಕುತ್ತಿಗೆಯ ನರಕ್ಕೆ ಚುಚ್ಚುತ್ತ ಹೋದರು. ಒಂದೊಂದೇ ಕುರಿಯ ತಲೆ ಎತ್ತಿ ಹಿಡಿದುಕೊಂಡವನು ಮೇರಾಭಾಯಿ, ಬೆಳಿಗ್ಗೆಯಷ್ಟೇ ನಾನು ಪಾಪಿ ಅಂದವನು. ಸತ್ತವುಗಳಲ್ಲಿ ಒಂದು ಎಡಗಿವಿಯದ್ದೂ ಇತ್ತು. ನಾನು ಅವನ ಹತ್ತಿರ ಹೋಗಿ ತಪ್ಪಾಯ್ತು ಭಾಯಿ ಅಂದೆ. ಅವನು ನನ್ನ ಮುಖ ನೋಡಲಿಲ್ಲ. “ಆ ಕಡೆಯದನ್ನು ಹಿಡಿ, ಒದೆಯುತ್ತಿದೆ” ಅಂದ. ಹಿಡಿದೆ.

ಏಳು ತಾಯಿ ಕುರಿಗಳು ಹೋದವು.

ನವೆಂಬರ್ ೨೨, ಶುಕ್ರವಾರ

ಮರಿಗಳ ಮೈ ತೊಳೆಯಬೇಕು ಅಂತ ಡಾಕ್ಟರು ಹೇಳಿದ್ದರು. ಹೋಟೆಲಿನ ದೊಡ್ಡ ಡ್ರಮ್ಮು ಕೊಟ್ಟೆ, ಸೋಪು ಕೊಟ್ಟೆ. ಮೇರಾಭಾಯಿ ತನ್ನ ಮರಿಗಳನ್ನೂ ಅದರಲ್ಲೇ ಅದ್ದಿದ, ಒಂದಕ್ಕೊಂದು ನೆಕ್ಕಿದ್ದರೆ ಅಂತ ಹೆದರಿ. ಎಲ್ಲ ಮುಗಿದ ಮೇಲೆ ನೋಡಿದರೆ ಹಿಂಡಿನ ಅಷ್ಟೂ ಮರಿಗಳು ತಿಳಿಗುಲಾಬಿ! ಯಾವುದು ಯಾರದ್ದು ಅಂತ ಬ್ರಹ್ಮನಿಗೂ ಹೇಳಲಿಕ್ಕಾಗದು. ಬೇಲಿಯ ಆಚೆ ನಿಂತವರು ನಕ್ಕರು.

ಚಂಪಾ ಮಾತಾಡಲಿಲ್ಲ.

ನವೆಂಬರ್ ೨೩, ಶನಿವಾರ

ಬದುಕಿದ ಕುರಿಗಳು ಹಸಿರು ನೀಲಿ ಬಣ್ಣದ ಉಚ್ಚೆ ಹೊಯ್ಯುತ್ತಿವೆ. ನೋಡಿ ಬೊಬ್ಬೆ ಹಾಕಿದೆ. ಔಷಧದ ಬಣ್ಣವಂತೆ, ಹೆದರಬೇಡಿ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಇನ್ನು ನನಗೆ ಯಾವ ಬಣ್ಣ ಕಂಡರೂ ಹೆದರಿಕೆಯೇ.

ತಾಯಿ ಸತ್ತ ಮರಿಗಳಲ್ಲಿ ಐದು ಉಳಿದಿವೆ. ಚಂಪಾ ಉಳಿದ ಹಿಂಡು ಮೇಯಿಸಲಿಕ್ಕೆ ಹೋದರೆ ಇವು ಬೇಲಿಯೊಳಗೆ ಇಡೀ ದಿನ ಅರಚುತ್ತವೆ. ಬೇರೆ ತಾಯಿಗಳು ಹತ್ತಿರ ಸೇರಿಸುವುದಿಲ್ಲ, ಗುದ್ದಿ ದೂಡುತ್ತವೆ. ಅಡುಗೆಮನೆಯ ಗೋಡೆ ದಾಟಿ ಕೇಳುತ್ತದೆ. ದೋಸೆ ಹುಯ್ಯಲಿಕ್ಕೆ ಕೈ ಏಳಲಿಲ್ಲ. ಕೊನೆಗೆ ಇವರ ಸ್ಕೂಟರು ಹತ್ತಿ ಮೆಡಿಕಲ್ಲಿಗೆ ಹೋಗಿ ಮಕ್ಕಳ ಹಾಲಿನ ಬಾಟಲಿ ತಂದೆ. ಅಂಗಡಿಯವನು “ಮೊಮ್ಮಗುವಾ ಆಂಟಿ?” ಅಂತ ಕೇಳಿದ. ಹೌದು ಅಂದೆ.

ವಡೋದರಾದಿಂದ ಸ್ವಾತಿಯ ಫೋನು. ಅಪ್ಪ ಎಲ್ಲ ಊದಿದ್ದಾರೆ.

“ಅಮ್ಮಾ, ಆರ್ ಯೂ ಓಕೇ? ನೀನು ಶೀಪ್‌ಗೆ ಮಿಲ್ಕ್ ಕೊಡ್ತೀಯಾ? ನಿಂಗೆ ಸ್ಮೆಲ್ ಆಗಲ್ಲ ಅಲ್ವಾ?”

“ಎರಡು ದಿನದ ಮಟ್ಟಿಗೆ ಅಷ್ಟೇ. ಅರಚಾಟ ತಡೀಲಿಕ್ಕೆ ಆಗೂದಿಲ್ಲ, ಅದಕ್ಕೆ.”

“ಓಕೆ ಅಮ್ಮಾ,” ಅಂತ ನಕ್ಕಳು. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ನವೆಂಬರ್ ೨೯, ಶುಕ್ರವಾರ

ಸಂದೀಪ ಹಿಂಬಾಗಿಲಿಗೆ ಬಂದಿದ್ದ. ಕೆಲಸ ಹೋಯಿತು. ಅಹಮದಾಬಾದಿನಲ್ಲಿ ಚಿಕ್ಕಪ್ಪನ ಮನೆಗೆ ಹೋಗಿ ಬೇರೆ ಮಿಲ್ಲು ಹುಡುಕುತ್ತಾನಂತೆ. “ಎರಡು ಚಮಚೆ ಅಂದಿದ್ದೆ ಅಕ್ಕ” ಅಂದ, ಅಷ್ಟೇ. ಅವನಿಗೆ ದಾರಿಗೆ ಬನ್ಸ್ ಕಟ್ಟಿ ಕೊಟ್ಟೆ. ತೆಗೆದುಕೊಂಡ. ಹೋದ ಮೇಲೆ ಗೋದಾಮಿನಲ್ಲಿ ಕೂತು ಅತ್ತೆ.

ಕಾಲಿಗೆ ಕಂದು ಮಚ್ಚೆ ಇರುವುದು ಬಾಟಲಿಯನ್ನು ಪಕ್ಕದಿಂದ ಕಚ್ಚುತ್ತದೆ, ಅದಕ್ಕೆ ಹಾಲು ಸೋರುತ್ತದೆ. ಗಿಡ್ಡಕಿವಿಯದ್ದು ಮೊದಲು ಬಂದು ಕೊನೆಗೆ ಕುಡಿಯುತ್ತದೆ, ಸೋಮಾರಿ. ಹಣೆಯಲ್ಲಿ ಸುಳಿ ಇರುವುದಕ್ಕೆ ನಿನ್ನೆಯಿಂದ ಭೇದಿ, ಹಾಲಿಗೆ ಸ್ವಲ್ಪ ನೀರು ಬೆರೆಸಿ ಕೊಡುತ್ತಿದ್ದೇನೆ. ಅವಳಿಜವಳಿ ಎರಡೂ ಒಟ್ಟಿಗೇ ಕುಡಿಯಬೇಕು, ಇಲ್ಲದಿದ್ದರೆ ಮಹಾಯುದ್ಧ. ಇಷ್ಟು ಕೆಲಸದ ನಡುವೆ ಹೋಟೆಲೂ ನೋಡಬೇಕು. ಯಾರಿಗೆ ಹೇಳುವುದು?

ಡಿಸೆಂಬರ್ ೩, ಮಂಗಳವಾರ

ಚಂಪಾ ಇವತ್ತೂ ಮಾತಾಡಲಿಲ್ಲ. ಸುಳಿಯದ್ದಕ್ಕೆ ಗುಣವಾಯಿತು.

ಡಿಸೆಂಬರ್ ೮, ಭಾನುವಾರ

ಮೇರಾಭಾಯಿ ಇವತ್ತು ಇವರ ಹತ್ತಿರ ಬಂದು ಚಾ ಕುಡಿಯುತ್ತ ಹೇಳಿದನಂತೆ, ಆ ಐದರಲ್ಲಿ ಎರಡು ತನ್ನವು ಅಂತ. ಬಣ್ಣ ಬಳಿಯುವಾಗ ತನ್ನವಕ್ಕೂ ಬಳಿದಿದ್ದರು ಅಂತ. ಚಂಪಾ ಐದೂ ನನ್ನವು ಅನ್ನುತ್ತಾಳೆ. ತಾಯಂದಿರು ಇದ್ದಿದ್ದರೆ ಈ ಮಾತೇ ಇರಲಿಲ್ಲ. ಹಿರಿಯರಿಗೆ ಫೋನು ಮಾಡಿದ್ದಕ್ಕೆ, ಅವನ್ನೂ ಎಲ್ಲದರ ಹಾಗೇ ನಡುವೆ ಬಿಡುತ್ತೇವೆ, ಯಾವ ಕಡೆ ಹೋಗುತ್ತವೋ ಆ ಕಡೆಗೆ ಅಂದರಂತೆ. ಎತ್ತಲೂ ಹೋಗದಿದ್ದರೆ ಅನಾಥ ಜಾನುವಾರು ಸಾಕುವ ಪಾಂಜರಾಪೋಳಕ್ಕೆ.

ನನಗೆ ಸಿಟ್ಟು ಬಂತು. ತನ್ನ ಆರು ತಾಯಿ ಕುರಿ ಕಳೆದುಕೊಂಡ ಚಂಪಾಳ ಹಿಂಡು ಮತ್ತೆ ಬೆಳೆಯಬೇಕಾದರೆ ಈ ಐದು ಬೇಕೇ ಬೇಕು. ಐದೂ ಹೆಣ್ಣು. ಇದು ಅವನಿಗೂ ಗೊತ್ತಿದೆ.

“ಅವಳ ಹತ್ರವೇ ಹೋಗ್ತವೆ, ನೋಡ್ತಿರಿ” ಅಂದೆ.

ಇವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ಗಿರಿಜಾ, ನಿನ್ನೆ ನೀನು ತರಕಾರಿ ಗಾಡಿಯವನ ಹತ್ರ ಚೌಕಾಸಿ ಮಾಡ್ತಿದ್ದಾಗ ನಿನ್ನ ಹಿಂದೆ ಯಾರಿದ್ರು ಗೊತ್ತುಂಟಾ? ಐದೂ ಬೇಲಿ ನುಸುಳಿ ಬಂದು ಸಾಲಾಗಿ ನಿಂತಿದ್ವು. ಚಂಪಾ ಅಲ್ಲಿಂದ ಕರೆದದ್ದೇ ಕರೆದದ್ದು. ಒಂದಾದ್ರೂ ತಿರುಗಿ ನೋಡ್ಲಿಲ್ಲ.”

ನಾನು ಬೆಚ್ಚಿಬಿದ್ದೆ. ಚಂಪಾ ಕರೆದದ್ದು ನನಗೆ ಕೇಳಿಸಿಯೇ ಇರಲಿಲ್ಲ. ನಾನು ಟೊಮೆಟೋ ಬಗ್ಗೆ ಕಿರುಚಾಡುತ್ತಿದ್ದೆ.

ಡಿಸೆಂಬರ್ ೯, ಸೋಮವಾರ

ಬಾಟಲಿಗಳನ್ನೆಲ್ಲ ತೊಳೆದು ಕುದಿಸಿ ಬೇಲಿಯ ಹತ್ತಿರ ಹೋದೆ. “ಚಂಪಾಬೇನ್, ಇನ್ನು ಮೇಲೆ ನೀನೇ ಕುಡಿಸು. ಹಾಲು ನಾನು ಕಳಿಸುತ್ತೇನೆ” ಅಂದೆ. ನನ್ನ ಮುಖ ನೋಡದೆ ತೆಗೆದುಕೊಂಡಳು. ಐದೂ ಬಂದು ನನ್ನ ಸೀರೆಯ ಅಂಚು ಚೀಪಲಿಕ್ಕೆ ಹಿಡಿದವು. ಬಿಡಿಸಿಕೊಂಡು ಬಂದೆ.

ಸಮಾಧಾನವಾಯಿತು. ಇನ್ನು ಬೆಳಗಿನ ಜಾವ ಏಳುವ ತಾಪತ್ರಯ ಇಲ್ಲ.

ಡಿಸೆಂಬರ್ ೧೨, ಗುರುವಾರ

ನಿದ್ದೆ ಬರುತ್ತಿಲ್ಲ. ಎಚ್ಚರವಾಗಿಬಿಡುತ್ತದೆ, ಹಾಲಿನ ಹೊತ್ತಿಗೆ ಸರಿಯಾಗಿ.

ಚಂಪಾಳ ಕೈಯಿಂದ ಕುಡಿಯುತ್ತವೆ ಅಂತ ಇವರು ಹೇಳಿದರು. ನಾನು ನೋಡಲಿಕ್ಕೆ ಹೋಗಿಲ್ಲ. ಮಚ್ಚೆಯದ್ದು ಪಕ್ಕದಿಂದ ಕಚ್ಚುತ್ತದೆ, ಅದಕ್ಕೆ ಬಾಟಲಿ ಸ್ವಲ್ಪ ಓರೆ ಹಿಡಿಯಬೇಕು ಅಂತ ಅವಳಿಗೆ ಹೇಳಿ ಕಳಿಸಿದೆ. ಗೊತ್ತುಂಟು ಅಂದಳಂತೆ.

ಡಿಸೆಂಬರ್ ೧೫, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಹಿರಿಯರು ಬಂದರು. ಮೂವರು ಮುದುಕರು, ಬಿಳಿ ಅಂಗಿ, ದೊಡ್ಡ ಪೇಟ. ಹೋಟೆಲಿಗೆ ಇವತ್ತು ರಜೆ ಅಂತ ಬೋರ್ಡು ಹಾಕಿದ್ದೆವು. ನಾನು ಹಿಂಬಾಗಿಲ ಹತ್ತಿರ ನಿಂತಿದ್ದೆ. ನೋಡದೆ ಇರಲಿಕ್ಕೆ ಆಗಲಿಲ್ಲ.

ಬೇಲಿಯ ಎಡಗಡೆ ಮೇರಾಭಾಯಿಯ ಕುರಿಗಳು, ಬಲಗಡೆ ಚಂಪಾಳವು. ನಡುವೆ ಮರಿಗಳನ್ನು ಒಂದೊಂದಾಗಿ ಬಿಟ್ಟರು. ಹೆಚ್ಚಿನವು ನೆಟ್ಟಗೆ ತಾಯಿಯ ಹತ್ತಿರ ಹೋದವು. ಒಂದೆರಡು ದೊಡ್ಡವು ಮೇರಾಭಾಯಿಯ ಸೊಪ್ಪಿನ ಕಡೆ ಹೊರಟವು, ಚಂಪಾಳ ಮುಖ ಬಿಳಿಚಿತು. ಅಷ್ಟರಲ್ಲಿ ಅವುಗಳ ತಾಯಂದಿರು ಕರೆದವು, ತಿರುಗಿ ಓಡಿಬಂದವು. ನನಗೆ ಹೋದ ಜೀವ ಬಂತು. ತಾಯಿ ಕರೆದರೆ ಸೊಪ್ಪು ಯಾರಿಗೆ ಬೇಕು?

ಕೊನೆಗೆ ಈ ಐದು. ಬಿಟ್ಟರು. ಅವು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಸೀದಾ ನನ್ನ ಕಡೆ ಓಡಿಬಂದವು! ಕಾಲಿಗೆ ಸುತ್ತಿಕೊಂಡವು, ಸೀರೆ ಎಳೆದವು. “ಛೀ, ಹೋಗಿ ಆ ಕಡೆ! ಚಂಪಾ ಅಲ್ಲಿದ್ದಾಳೆ, ಹೋಗಿ!” ಅಂತ ನಾನು ಕೂಗಿದಷ್ಟೂ ಹತ್ತಿರ ಬಂದವು.

ಒಬ್ಬ ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. “ಇವುಗಳ ತಾಯಿ ಹೋಟೆಲು ನಡೆಸುತ್ತಾಳೆ” ಅಂದ. ಮೇರಾಭಾಯಿ ನಗಲಿಲ್ಲ. “ಎತ್ತಲೂ ಹೋಗಲಿಲ್ಲ. ನೀವೇ ಹೇಳಿದ ಮಾತು, ಪಾಂಜರಾಪೋಳ. ಇಲ್ಲದಿದ್ದರೆ ನನಗೆರಡು ಕೊಡಿಸಿ” ಅಂದ. ಮುದುಕರು ತಲೆ ಸೇರಿಸಿ ಮಾತಾಡಿದರು. ಇನ್ನೊಂದು ಸಲ ಬಿಡುತ್ತೇವೆ, ಅದೇ ಕೊನೆ ಅಂದರು.

ಬಣ್ಣ ಬಳಿದು ತಾಯಂದಿರನ್ನು ಕೊಂದೆ. ಹಾಲು ಕುಡಿಸಿ ಮರಿಗಳನ್ನೂ ಕಳೆದೆ. ನಾನು ಮುಟ್ಟಿದ್ದೆಲ್ಲ ಅವಳಿಗೆ ನಷ್ಟವೇ ಆಯಿತಲ್ಲ ದೇವರೇ ಅನಿಸಿ ಅಲ್ಲೇ ಹೊಸ್ತಿಲ ಮೇಲೆ ಕೂತೆ. ಚಂಪಾ ಬೇಲಿ ದಾಟಿ ನನ್ನ ಎದುರಿಗೆ ಬಂದು ನಿಂತಳು. ಇಪ್ಪತ್ತನಾಲ್ಕು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

“ಗಿರಿಜಾಬೇನ್, ಒಳಗೆ ಹೋಗು. ಬಾಗಿಲು ಹಾಕಿಕೋ. ಅವು ನಿನ್ನ ದನಿ ಹಿಡಿದು ಬರುತ್ತವೆ. ಏನೇ ಆದರೂ ಬಾಯಿ ಬಿಡಬೇಡ.”

ಹೋದೆ. ಚಿಲಕ ಹಾಕಿದೆ. ಗ್ರೈಂಡರಿನ ಪಕ್ಕದ ಮಣೆಯ ಮೇಲೆ ಕೂತು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಇವರು “ಎಂತಾಯ್ತು…” ಅಂತ ಬಂದವರ ಬಾಯಿಗೆ ಕೈ ಅಡ್ಡ ಹಿಡಿದೆ.

ಹೊರಗೆ ಬಿಟ್ಟರು. ಗೊರಸಿನ ಸದ್ದು ನೇರ ಬಾಗಿಲಿಗೇ ಬಂತು. ತಗಡಿನ ಬಾಗಿಲಿಗೆ ಗುದ್ದಿದವು. ಅರಚಿದವು. ಅರಚುವುದರಲ್ಲೂ ನನಗೆ ತಿಳಿಯುತ್ತದೆ, ಗಿಡ್ಡಕಿವಿಯದ್ದು ಕೀರಲು, ಅವಳಿಜವಳಿಯದ್ದು ಒಂದರ ಬಾಲ ಹಿಡಿದು ಇನ್ನೊಂದು. ಬಾ ಪುಟ್ಟಿ ಅಂತ ನಾಲಗೆಯ ತುದಿಗೇ ಬಂದಿತ್ತು. ಸೆರಗು ಕಚ್ಚಿ ಹಿಡಿದೆ. ದೂರದಿಂದ ಚಂಪಾ ಕರೆಯುತ್ತಿದ್ದಳು, ಅವರದ್ದೇ ಒಂದು ಕೂಗು, ನಾಲಗೆ ಹೊರಳಿಸಿ. ನಿಲ್ಲಿಸದೆ ಕರೆಯುತ್ತಲೇ ಇದ್ದಳು. ಒಂದು ಹೋಯಿತು. ಆಮೇಲೆ ಅವಳಿಜವಳಿ ಎರಡೂ. ಆಮೇಲೆ ಇನ್ನೊಂದು. ಮಚ್ಚೆಯದ್ದು ಮಾತ್ರ ಬಾಗಿಲ ಸಂದಿಗೆ ಮೂಗಿಟ್ಟು ಉಸಿರು ಬಿಡುತ್ತ ನಿಂತಿತ್ತು. ಅದರ ಮೂಗಿನ ತುದಿ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಕೈ ಚಾಚಲಿಲ್ಲ. ಇವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು, ಅವರ ಕಣ್ಣಲ್ಲೂ ನೀರು.

ಅದೂ ಹೋಯಿತು.

ಯಾವ ಕಡೆಗೆ ಹೋದವು ಅಂತ ಗೊತ್ತಾಗಲಿಲ್ಲ. ಕೇಳುವ ಹಾಗಿಲ್ಲ. ಹಾಗೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲ ಆಚೆಯಿಂದ ಚಂಪಾಳ ದನಿ ಮೆಲ್ಲಗೆ ಬಂತು.

“ಐದೂ ನನ್ನ ಹತ್ತಿರ ಬಂದವು ಬೇನ್. ಈಗಲೇ ತೆಗೆಯಬೇಡ. ಕಿವಿಗೆ ಕಚ್ಚು ಹಾಕುವಾಗ ಕೂಗುತ್ತವೆ. ನೀನು ಓಗೊಡಬೇಡ.”

ಕೂಗಿದವು. ಒಂದಾದ ಮೇಲೊಂದು, ಐದೂ. ನಾನು ಓಗೊಡಲಿಲ್ಲ.

ಪಾಲು ಮುಗಿದದ್ದೇ ಎರಡೂ ಹಿಂಡುಗಳು ಹಿರಿಯರ ಹಿಂದೆ ನವಸಾರಿ ರಸ್ತೆ ಹಿಡಿದು ಹೋದದ್ದು ಕೊರಳ ಗಂಟೆಯ ಸದ್ದಿನಲ್ಲೇ ತಿಳಿಯಿತು. ಹಿಂದಿನ ಸೈಟು ಪೂರ್ತಿ ಖಾಲಿಯಾಯಿತು, ಈ ಇಪ್ಪತ್ತೆರಡು ವರ್ಷದಲ್ಲಿ ನಾನು ದೇವರ ಹತ್ತಿರ ಕೇಳಿಕೊಂಡದ್ದು ಅದೊಂದೇ ಏನೋ ಅನ್ನುವಷ್ಟು ಕೇಳಿಕೊಂಡಿದ್ದೆ. ಇವರು ಎದ್ದು ಚಿಲಕ ತೆಗೆದರು. ಚಾ ಮಾಡಿ ತಂದು ನನ್ನ ಎದುರಿಗಿಟ್ಟು, “ಹೋದ್ರು. ಈಗ ಮಾತಾಡ್ಬಹುದು ಮಾರಾಯ್ತಿ” ಅಂದರು.

ಬಾಯಿಂದ ಸೆರಗು ತೆಗೆದೆ. ಏನಾದರೂ ಹೇಳೋಣ ಅಂತ ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ. ಇವರು ಎದುರಿಗೆ ಕೂತು ಕಾಯುತ್ತಲೇ ಇದ್ದರು.